ಬೇಟೆಯ ಕಾಯಿದೆ ಮತ್ತು ಗೆಳತಿಯ ಅಣ್ಣ

ಆ ಗೆಳತಿಯ ಮಾತುಗಳೆಲ್ಲ ಈಗ ನನಗೆ ಕನ್ನಡದಲ್ಲೇ ನೆನಪಾಗುತ್ತವೆ. ಅವಳು ಜಿಂಬಾಬ್ವೆಯವಳು, ನಾವು ಆಡುತ್ತಿದ್ದದ್ದು ಇಂಗ್ಲಿಷ್. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಎಷ್ಟು ಅವಳದು, ಎಷ್ಟು ನನ್ನದು ಎಂದು ಆಣೆಯಿಟ್ಟು ಹೇಳಲಾರೆ. ಆ ವರ್ಷಗಳ ಡೈರಿ ಎದುರಿಗಿದೆ. ಆದರೆ ನನಗೆ ಬೇಕಾದ ದಿನಗಳಲ್ಲೆಲ್ಲ ಅದು ಎರಡು ಸಾಲಿಗೆ ಮುಗಿದುಬಿಡುತ್ತದೆ.

ದುಬೈ ವಿಮಾನ ನಿಲ್ದಾಣದ ಹತ್ತಿರ ಒಂದು ಕಾರ್ಗೋ ಏಜೆನ್ಸಿಯಲ್ಲಿ ನಾವಿಬ್ಬರೂ ಕಾಗದಪತ್ರ ನೋಡುವ ಕೆಲಸದಲ್ಲಿದ್ದೆವು. ಹೂವು, ಮೀನು, ಯಂತ್ರದ ಬಿಡಿಭಾಗಗಳ ಜೊತೆಗೆ ಆಫ್ರಿಕಾದಿಂದ ಯುರೋಪಿಗೂ ಅಮೆರಿಕಕ್ಕೂ ಹೋಗುವ ಕೆಲವು ಮರದ ಪೆಟ್ಟಿಗೆಗಳೂ ನಮ್ಮ ಮೇಜಿನ ಮೇಲೆ ಕಾಗದವಾಗಿ ಹಾದುಹೋಗುತ್ತಿದ್ದವು. ಒಳಗೆ ಬೇಟೆಗಾರರು ನೆನಪಿಗೆಂದು ಒಯ್ಯುವ ತಲೆಬುರುಡೆ, ಉಪ್ಪು ಹಚ್ಚಿದ ಚರ್ಮ, ಕೊಂಬು. ಕಾಗದದಲ್ಲಿ ಅದಕ್ಕೆ ಟ್ರೋಫಿ ಎಂದು ಹೆಸರು. ಪರ್ಮಿಟ್ ಇದೆಯೇ, ಪಶುವೈದ್ಯರ ಸಹಿ ಇದೆಯೇ ಎಂದಷ್ಟೇ ನೋಡುತ್ತಿದ್ದೆವು. ಆಮೇಲೆ ಅವಳ ದೇಶದಲ್ಲೇ ಒಂದು ಸಿಂಹವನ್ನು ಟ್ರೋಫಿಗಾಗಿ ಹೊಡೆದ ಸುದ್ದಿ ಲೋಕವೆಲ್ಲ ಹರಡಿತು. ಅಳಿವಿನಂಚಿನ ಪ್ರಾಣಿಗಳ ಟ್ರೋಫಿಯನ್ನು ಗಡಿಯೊಳಗೆ ಬಿಡಬಾರದು ಎಂಬ ಕಾಯಿದೆಯ ಮಾತು ಒಂದೊಂದೇ ದೇಶದಲ್ಲಿ ಶುರುವಾಯಿತು. ವಿಮಾನ ಕಂಪನಿಗಳು ಸಾಗಿಸುವುದಿಲ್ಲ ಎಂದವು. ನಮ್ಮ ಆಫೀಸಿನಲ್ಲೂ ಎರಡು ಪಕ್ಷವಾಯಿತು, ಒಂದು ಅವಳು, ಇನ್ನೊಂದು ನಾನು.

ಅವಳ ಅಣ್ಣ ಬೇಟೆಗಾರರಿಗೆ ಹೆಜ್ಜೆಗುರುತು ಹಿಡಿದು ದಾರಿ ತೋರಿಸುವವನು. ಅವನ ಕೆಲಸದಿಂದಲೇ ಊರಿನ ಮನೆ ನಡೆಯುತ್ತಿತ್ತು. ಹೊಡೆದ ಆನೆಯ ಮಾಂಸ ಊರಿಗೆಲ್ಲ ಹಂಚಿಕೆಯಾಗುತ್ತಿತ್ತಂತೆ.

"ಗೋಡೆಗೆ ನೇತುಹಾಕೋದಕ್ಕೆ ಒಂದು ಜೀವ ತೆಗೀಬೇಕಾ?" ಎಂದು ನಾನು.

"ನಿನ್ನ ಜೋಳದ ಹೊಲಕ್ಕೆ ಯಾವತ್ತಾದ್ರೂ ಆನೆ ನುಗ್ಗಿದೆಯಾ? ಅಲ್ ಬರ್ಷಾದಲ್ಲಿ ನಿನ್ನ ಐದನೇ ಮಾಳಿಗೆ ಮನೆಗೆ ಅದು ಬರೋದಿಲ್ಲ ಬಿಡು. ಬೇಟೆ ನಿಂತರೆ ಊರವರಿಗೆ ಆನೆಯಿಂದ ಏನೂ ಸಿಗೋದಿಲ್ಲ. ಆಗ ಉರುಳು ಹಾಕ್ತಾರೆ, ವಿಷ ಇಡ್ತಾರೆ. ಅದಕ್ಕೆ ಯಾವ ಕಾಯಿದೆ?"

ನಮ್ಮ ವಿಭಾಗದ ಹಿರಿಯರು ಭಟ್ಕಳದವರು. ನಾವು ಭಾಯ್ ಎನ್ನುತ್ತಿದ್ದೆವು. ನನ್ನೊಡನೆ ಮಾತ್ರ ಕನ್ನಡ. "ಎಂತ ಮಾರಾಯ್ತಿ, ದಿನಾ ಸಿಂಹಕ್ಕೆ ಕಚ್ಚಾಡೋದು? ಅದು ಖಲಾಸ್ ಆಗಿ ತಿಂಗ್ಳಾಯ್ತು. ಯಲ್ಲಾ, ಬೇಗ ಬೇಗ ಹೂವಿನ ಪೇಪರ್ ಮುಗ್ಸಿ, ಇಲ್ಲಾಂದ್ರೆ ಅದೂ ಸಾಯ್ತದೆ" ಎನ್ನುತ್ತಿದ್ದರು.

ಸಂಜೆ ಮೆಟ್ರೋದಲ್ಲಿ ಜಗಳ ಮುಂದುವರಿಯುತ್ತಿತ್ತು. ಎಷ್ಟೋ ಸಲ ಅವಳು ತನ್ನ ನಿಲ್ದಾಣ ಬಿಟ್ಟು ನನ್ನದರಲ್ಲೇ ಇಳಿದು ಮನೆಗೆ ಬಂದದ್ದುಂಟು. ನನ್ನ ಅಡುಗೆಯ ಒಣಮೀನಿನ ವಾಸನೆಗೆ ಮೂಗು ಮುಚ್ಚದ ಒಬ್ಬಳೇ ಗೆಳತಿ ಅವಳು. ಅವರ ಊರಲ್ಲೂ ಬೆರಳುದ್ದದ ಮೀನನ್ನು ಹಾಗೆಯೇ ಒಣಗಿಸುತ್ತಾರೆ.

ಆಡಳಿತದವರು ನಮ್ಮ ವಿಭಾಗದ ಅಭಿಪ್ರಾಯ ಕೇಳಿದರು. ಟ್ರೋಫಿ ಸಾಗಣೆ ಪೂರ್ತಿ ನಿಲ್ಲಿಸಬೇಕೇ, ಬೇಡವೇ? ಒಂದು ಪುಟ ಬರೆದುಕೊಡು ಎಂದು ಭಾಯ್ ನನಗೆ ವಹಿಸಿದರು. ಅವಳು ಒಂದೇ ಸಾಲು ಕೇಳಿದಳು. ಊರವರ ಒಪ್ಪಿಗೆಯಿಂದ, ಅವರಿಗೆ ಪಾಲು ಸಿಗುವಂತೆ ನಡೆಯುವ ಬೇಟೆಯನ್ನು ಬೇರೆಯಾಗಿ ಪರಿಶೀಲಿಸಬೇಕು, ಇಷ್ಟೇ. "ನೀನು ಒಪ್ಪಬೇಕಾಗಿಲ್ಲ. ಇಂಥವರೂ ಇದ್ದಾರೆ ಅಂತ ಬರೆ, ಸಾಕು." ಬರೆಯುತ್ತೇನೆ ಎಂದೆ. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಆ ಶುಕ್ರವಾರ, ರಜೆಯ ದಿನ, ನಮ್ಮ ಮನೆಯಲ್ಲಿ ಅವಳಿಗೆ ತಲೆನೋವು ಬಂತು. ನಾನು ಯೋಚನೆಯನ್ನೇ ಮಾಡದೆ ಔಷಧದ ಡಬ್ಬಿಯಿಂದ ಕೊಂಬಿನ ತುಂಡು ತೆಗೆದೆ. ತೇಯುವ ಕಲ್ಲಿನ ಮೇಲೆ ನೀರು ಚಿಮುಕಿಸಿ ತೇಯ್ದೆ, ಗಂಧವನ್ನು ಅವಳ ಹಣೆಗೆ ಹಚ್ಚಿದೆ. ನಮ್ಮಲ್ಲಿ ತಲೆನೋವಿಗೂ ಊತಕ್ಕೂ ಮಾಡುವುದು ಅದನ್ನೇ. ನಾನು ದುಬೈಗೆ ಹೊರಟಾಗ ಅಮ್ಮ ಬಟ್ಟೆಯ ಮಡಿಕೆಯಲ್ಲಿ ಇಟ್ಟುಕೊಟ್ಟದ್ದು.

"ಏನಿದು, ತಣ್ಣಗಿದೆ?"

"ಕಡವೆ ಕೊಂಬು. ನಮ್ಮೂರಿನ ದೊಡ್ಡ ಜಿಂಕೆ."

ಅವಳು ಒಂದು ಕಣ್ಣು ತೆರೆದಳು. "ಹೊಡೆದದ್ದು ಯಾರು?"

"ಹೊಡೆದದ್ದಲ್ಲ. ಕಾಡಿನಲ್ಲಿ ಉದುರಿದ್ದು ಇರಬೇಕು."

"ಪರ್ಮಿಟ್ ತೋರಿಸಿ ಮೇಡಂ," ಎಂದು ಕೈಚಾಚಿದಳು. "ಪಶುವೈದ್ಯರ ಸಹಿ?" ನಕ್ಕು ನಕ್ಕು ಹಣೆಯ ಗಂಧ ಹುಬ್ಬಿಗೆ ಇಳಿಯಿತು. ನಾನೂ ನಕ್ಕೆ. ಆದರೆ ಆ ತುಂಡು ಕತ್ತರಿಸಿದ್ದು ಊರಿನಲ್ಲಿ ಅಜ್ಜನ ಕೋಣೆಯ ಗೋಡೆಯಲ್ಲಿದ್ದ ಕೊಂಬಿನಿಂದ, ಅದರ ಬುಡದಲ್ಲಿ ತಲೆಬುರುಡೆಯ ಚೂರು ಅಂಟಿಕೊಂಡಿತ್ತು. ಉದುರಿದ ಕೊಂಬಿಗೆ ಅದು ಇರುವುದಿಲ್ಲ. ಅದನ್ನು ನಾನು ಆಗಲೇ ನೆನೆದು ಸುಳ್ಳು ಹೇಳಿದೆನೋ, ಆಮೇಲೆ ನೆನಪಾಯಿತೋ? ಡೈರಿಯಲ್ಲಿ ಇರುವುದು ಇಷ್ಟು: "ಅವಳು ಬಂದಿದ್ದಳು. ತಲೆನೋವು. ಒಣಮೀನು ಸಾರು."

ಮರುದಿನ ಆಫೀಸಿನಲ್ಲಿ ಕೂತು ಆ ಪುಟ ಬರೆದೆ. ವಿಶ್ವವಿದ್ಯಾಲಯದಲ್ಲಿ ಕಲಿತ ವಾಕ್ಯಗಳೆಲ್ಲ ತಾವಾಗಿ ಬಂದವು. ಯಾವ ಪ್ರಾಣಿಯದಾದರೂ ಸರಿ, ಯಾವ ಪರ್ಮಿಟ್ ಇದ್ದರೂ ಸರಿ, ಪೂರ್ತಿ ನಿಲ್ಲಿಸಬೇಕು. ಅವಳ ಸಾಲು ಬರೆದು ಅಳಿಸಿದೆ. ಅದು ಇದ್ದರೆ ಪುಟ ಮೆತ್ತಗಾಗುತ್ತದೆ ಎನಿಸಿತು. ಸಿಕ್ಕಿಬಿದ್ದವರೇ ಹೆಚ್ಚು ಕಟ್ಟುನಿಟ್ಟು ಎಂದು ಈಗ ಅನಿಸುತ್ತದೆ.

ನನ್ನ ಪುಟ ಇರದಿದ್ದರೂ ಆಡಳಿತದವರು ನಿಲ್ಲಿಸುತ್ತಿದ್ದರು, ಎಲ್ಲರೂ ನಿಲ್ಲಿಸುತ್ತಿದ್ದರು. ಇದನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ! ಆದರೆ ಪ್ರಿಂಟರಿನಿಂದ ಆ ಹಾಳೆ ಎತ್ತಿಕೊಂಡವಳು ಅವಳು. ಓದಿದಳು. ನನ್ನ ಮೇಜಿನ ಮೇಲಿಟ್ಟಳು. ಅಂದು ಸಂಜೆ ಮೆಟ್ರೋದಲ್ಲಿ ತನ್ನ ನಿಲ್ದಾಣದಲ್ಲೇ ಇಳಿದಳು.

ಅದಾದ ಮೇಲೆ ಜಗಳವೇ ಇಲ್ಲ. ಭಾಯ್‌ಗೂ ಅದು ಹಿಡಿಸಲಿಲ್ಲ. "ಎಂತ, ಇಬ್ರೂ ಮೌನವ್ರತವಾ? ಆಫೀಸು ಆಸ್ಪತ್ರೆ ಥರ ಆಯ್ತಲ್ಲ" ಎಂದರು. ಕೆಲವು ತಿಂಗಳಲ್ಲಿ ಅವಳು ಅಬುಧಾಬಿಯಲ್ಲಿ ಬೇರೆ ಕೆಲಸ ಹಿಡಿದಳು. ಅಣ್ಣನ ಬೇಟೆ ಶಿಬಿರ ಮುಚ್ಚಿತೆಂದು ಬೇರೆಯವರಿಂದ ಕೇಳಿದೆ. ಏಕೆ ಮುಚ್ಚಿತು ಎಂದು ಕೇಳುವ ಧೈರ್ಯ ಆಗಲಿಲ್ಲ.

ಕೊನೆಯ ಸಲ ಕಂಡದ್ದು ಅಬುಧಾಬಿಯ ಅಲ್ ಮೀನಾದ ಮೀನು ಮಾರುಕಟ್ಟೆಯಲ್ಲಿ. ನಾನೇ ಬರುತ್ತೇನೆಂದು ಕರೆ ಮಾಡಿ ಹೋಗಿದ್ದೆ. ಅವಳು ಊರಿಗೆ ಮರಳುವವಳಿದ್ದಳು. ಮನೆಯಲ್ಲಿ ಓದಿದವಳು ತಾನೊಬ್ಬಳೇ, ಅಲ್ಲೇ ಏನಾದರೂ ಮಾಡಬೇಕು ಎಂದಳು. ನಾನು ಕ್ಷಮೆ ಕೇಳಿದೆ.

"ನೀನು ಬರೆದದ್ದು ತಪ್ಪು ಅಂತ ನಾನು ಹೇಳೋದಿಲ್ಲ," ಎಂದಳು. "ಸಿಂಹ ಸಾಯೋದು ನನಗೂ ಇಷ್ಟ ಇಲ್ಲ. ಆದರೆ ಆ ಪುಟದಲ್ಲಿ ಸಿಂಹ ಇತ್ತು, ಆನೆ ಇತ್ತು, ಚಿರತೆ ಇತ್ತು. ನನ್ನ ಅಣ್ಣ ಎಲ್ಲೂ ಇರಲಿಲ್ಲ."

ಆಮೇಲೆ ಮೀನಿನವನ ಜೊತೆ ಚೌಕಾಶಿಗೆ ನಿಂತಳು, ಏನೂ ಆಗದವಳ ಹಾಗೆ.

ಅವಳ ಆ ನಂಬರ್ ಈಗ ಇಲ್ಲ. ಕಾಯಿದೆಯ ವಾದ ಇವತ್ತಿಗೂ ಆಗಾಗ ಪತ್ರಿಕೆಯಲ್ಲಿ ಬರುತ್ತದೆ, ಊಟದ ಮೇಜಿನಲ್ಲಿ ಬರುತ್ತದೆ. ಬೇಟೆ ಬೇಡ ಎನ್ನುವವಳೇ ನಾನು, ಈಗಲೂ. ಎಲ್ಲರೂ ತಲೆದೂಗುತ್ತಾರೆ. ಎದುರಿನಿಂದ ಯಾರಾದರೂ ನಿನ್ನ ಹೊಲಕ್ಕೆ ಆನೆ ಬಂದಿದೆಯಾ ಎಂದು ಕೇಳಲಿ ಎಂದು ನಾನು ಕಾಯುತ್ತೇನೆ. ಯಾರೂ ಕೇಳುವುದಿಲ್ಲ.