ಮೇಸ್ತ್ರಿ ಬ್ಯಾಡ ಅಂದ ಗಾಡಿ

ಮೇಸ್ತ್ರಿಯವರ ಎಡಗಿವಿಯ ಹಿಂದಿನ ಎಲುಬಿನ ಮೇಲೆ ಎಂಟಾಣೆಯಷ್ಟು ಅಗಲ ಜಡ್ಡುಗಟ್ಟಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಅಲ್ಲಿಗೆ ಒತ್ತಿ, ಮೂವತ್ತು ವರ್ಷ ಕೇಳಿ ಕೇಳಿ ಆದ ಜಡ್ಡು. ಬಾಯಿ ಅರ್ಧ ತೆರೆದುಕೊಂಡು ಕೇಳುತ್ತಿದ್ದರು. ಗಾಡಿ ಮಾರಲು ತಂದವನು ಪಕ್ಕದಲ್ಲಿ ನಿಂತು ಬೆವರುತ್ತಿದ್ದ. "ಒಳಗ ಯಾರೋ ಶೇಂಗಾ ಹುರಿಯಾಕತ್ತಾರಲ್ಲೋ" ಅಂದರೆ ಆ ಗಾಡಿಯ ಕಥೆ ಮುಗಿಯಿತೆಂದೇ ಲೆಕ್ಕ.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ, ನಮ್ಮ ಓಣಿಯ ಮೂಲೆಗೆ ಅವರ ತಗಡಿನ ಶೆಡ್ಡು. ರಿಪೇರಿಗೆ ಬರುವವರಿಗಿಂತ, ಕೊಳ್ಳುವ ಮುಂಚೆ ಹಳೇ ಬೈಕು ತೋರಿಸಲು ಬರುವವರೇ ಹೆಚ್ಚು. ಸಂಡೂರಿನ ಮೈನಿಂಗ್ ಕೆಲಸದವರು, ಹಂಪಿಯ ಗೈಡುಗಳು, ಕಂಪ್ಲಿಯ ಅಕ್ಕಿ ಗಿರಣಿಯವರು, ಎಲ್ಲರೂ ಜೀವನದಲ್ಲಿ ಮೊದಲ ಸಲ ಗಾಡಿ ತೆಗೆದುಕೊಳ್ಳುವವರೇ. ನೋಡಿಕೊಟ್ಟದ್ದಕ್ಕೆ ಮೇಸ್ತ್ರಿ ಒಂದು ಚಹಾ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ.

ಮೊದಲು ಇಂಜಿನ್ನಿನ ಮೇಲೆ ಅಂಗೈ ಇಡುತ್ತಿದ್ದರು. ಬೆಚ್ಚಗಿದ್ದರೆ ಮುಗೀತು, "ಯಾಕಪಾ, ಕಾಸ್ಕೊಂಡು ತಂದೀಯಲ್ಲ? ಆರ್ಲಿ, ಕುಂದ್ರು" ಎಂದು ಮಾರುವವನನ್ನು ಒಂದು ತಾಸು ಕೂರಿಸಿಬಿಡುವರು. ತಣ್ಣಗಿರುವ ಗಾಡಿ ಎಷ್ಟು ಕಿಕ್ಕಿಗೆ ಹತ್ತುತ್ತದೆ ಅನ್ನುವುದು ಅವರಿಗೆ ಬೇಕಿತ್ತು. ಆಮೇಲೆ ಸೀಟು ಬಿಚ್ಚಿ ಏರ್ ಫಿಲ್ಟರ್ ತೆಗೆಯುವರು. ಹೊರಗೆ ಎಷ್ಟೇ ತೊಳೆದು ತಂದಿರಲಿ, ಅದಿರಿನ ಕೆಂಪು ಧೂಳು ಅಲ್ಲಿ ಕೂತಿರುತ್ತಿತ್ತು. ಚಾಸಿ ನಂಬರನ್ನು ಬಟ್ಟೆಯಿಂದ ಉಜ್ಜಿ ಒಂದೊಂದೇ ಅಂಕಿ ಗಟ್ಟಿಯಾಗಿ ಓದುವರು, ಕೊಳ್ಳುವವನು ಆರ್‌ಸಿ ಹಿಡಿದು ಹೂಂ ಹೂಂ ಅನ್ನಬೇಕು.

ಕೊನೆಗೆ ನೀರು. ಶೆಡ್ಡಿನ ಮುಂದಿನ ಸಿಮೆಂಟಿನ ಮೇಲೆ ಅರ್ಧ ಬಕೀಟು ಚೆಲ್ಲಿ, ಹ್ಯಾಂಡಲ್ ನೆಟ್ಟಗೆ ಹಿಡಿದು ಗಾಡಿಯನ್ನು ಅದರೊಳಗಿಂದ ಒಣ ನೆಲಕ್ಕೆ ತಳ್ಳಿಸುವರು. "ಎರಡೂ ಗಾಲಿ ಸೇರಿ ಒಂದ ಗೆರಿ ಬಿತ್ತಂದ್ರ ಚಾಸಿ ನೆಟ್ಟಗೈತಿ. ಎರಡು ಗೆರಿ ಬಿತ್ತಂದ್ರ ಎಲ್ಲೋ ಬಿದ್ದು ಬೆನ್ನು ಸೊಟ್ಟ ಮಾಡ್ಕೊಂಡ ಗಾಡಿ. ಅದನ್ನ ಮುಟ್ಟಬ್ಯಾಡ."

ಕುರೆಕುಪ್ಪದ ಹತ್ತಿರ ಉಕ್ಕಿನ ಪ್ಲಾಂಟಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಶಿಫ್ಟಿನ ಹೊತ್ತಿಗೆ ಬಸ್ಸು ಸಿಗುತ್ತಿರಲಿಲ್ಲ. ಸಂಡೂರಿನವನೊಬ್ಬ ಮಾರುತ್ತಿದ್ದ ಗಾಡಿ ನೋಡಿ ಮನಸೋತೆ. ಅವನನ್ನು ಗಾಡಿ ಸಮೇತ ಶೆಡ್ಡಿಗೆ ಕರೆತಂದೆ. ನನ್ನ ಕೈಯಲ್ಲಿದ್ದ ಕವರಿನಲ್ಲಿ ಚೆಂಡು ಹೂವಿನ ಹಾರ, ಗಾಲಿಯ ಕೆಳಗಿಡಲು ಎರಡು ನಿಂಬೆಹಣ್ಣು. ಮೇಸ್ತ್ರಿ ಮೊದಲು ನೋಡಿದ್ದು ಅದನ್ನೇ.

"ಗಾಡಿ ನೋಡಾಕ ಬರಿಗೈಲೆ ಬರ್ಬೇಕಪಾ. ಹಾರ ತಂದೋನು ಗಾಡಿ ನೋಡಂಗಿಲ್ಲ, ಪೂಜಿನ ಮಾಡ್ತಾನ."

ನೀರು ಚೆಲ್ಲಿದರು. ನಾನೇ ತಳ್ಳಿದೆ. ಒಣ ಸಿಮೆಂಟಿನ ಮೇಲೆ ಎರಡು ಬೆರಳು ಅಂತರದಲ್ಲಿ ಎರಡು ಗೆರೆ ಬಿದ್ದವು. "ಬ್ಯಾಡ" ಅಂದರು, ಅಷ್ಟೇ.

ಮನೆಯಲ್ಲಿ ಅವ್ವ ಆರತಿ ತಟ್ಟೆ ಸಿದ್ಧ ಮಾಡಿ ಕೂತಿದ್ದಳು. ಓಣಿಗೆಲ್ಲ ಹೇಳಿಯಾಗಿತ್ತು. ಬರಿಗೈಯಲ್ಲಿ ಹೋಗಿ ಯಾರಿಗೆ ಮುಖ ತೋರಿಸಲಿ? ಹಾರ ಬಾಡುವ ಮುಂಚೆ ಗಾಡಿ ನನ್ನದಾಯಿತು. ಮೇಸ್ತ್ರಿ ಬೈಯಲಿಲ್ಲ. "ಆತು, ತಗಂಡಿ. ನಿಧಾನಕ ಹೊಡಿ. ಒಂದ್ ಮಾತು ಕೊಡು ನನಗ. ಮುಂದ ಯಾರಿಗಾರ ಮಾರಿದ್ರ ಗೆರಿ ತೋರಿಸಿ ಮಾರು" ಅಂದರು. ಹ್ಯಾಂಡಲ್ ಮುಟ್ಟಿ ಮಾತು ಕೊಟ್ಟೆ.

ಸ್ವಲ್ಪ ವೇಗ ಹೆಚ್ಚಿಸಿದರೆ ಸಾಕು, ಗಾಡಿ ಎಡಕ್ಕೆ ಎಳೆಯುತ್ತಿತ್ತು. ಬ್ರೇಕು ಹಿಡಿದಾಗ ಇನ್ನೂ ಹೆಚ್ಚು. ಒಂದು ವರ್ಷ ಜೀವ ಕೈಯಲ್ಲಿ ಹಿಡಿದು ಓಡಿಸಿದೆ. ಆಮೇಲೆ ಮಾರಲು ಹೊರಟೆ.

ಕಂಪ್ಲಿಯಿಂದ ಒಬ್ಬ ಬಂದ, ಗಿರಣಿಯಲ್ಲಿ ಚೀಲ ಹೊರುವವನು, ಜೊತೆಗೆ ಹೆಂಡತಿ. ಅವನಿಗೂ ಮೊದಲ ಗಾಡಿ. ಹಿಂಜರಿಯುತ್ತ ಕೇಳಿದ, "ಅಣ್ಣಾರ, ಇಲ್ಲೇ ಮೇಸ್ತ್ರಿ ಅದಾರಂತಲ್ರಿ, ಅವ್ರಿಗೊಂದ್ಸಲ ತೋರ್ಸೋಣೇನ್ರಿ?"

"ಅವ್ರು ನೋಡಿದ್ದ ಗಾಡಿನ ತಮ್ಮಾ ಇದು. ನಾ ತಗೊಳ್ಳೋ ಮುಂದ ಅವ್ರ ಕೈಲೆ ನೋಡ್ಸಿದ್ದೆ" ಅಂದೆ.

ಒಂದಕ್ಷರ ಸುಳ್ಳಿಲ್ಲ ನೋಡಿ ಅದರಲ್ಲಿ. ಥೂ ನನ್ನ ಬಾಳಿಗೆ! ಅವನ ಮುಖ ಅರಳಿತು. ಹೆಂಡತಿ ಟ್ಯಾಂಕಿಗೆ ಕುಂಕುಮ ಹಚ್ಚಿದಳು. ಇಬ್ಬರೂ ನನಗೆ ಕೈಮುಗಿದು ಗಾಡಿ ಹತ್ತಿದರು.

ತಿಂಗಳು ತುಂಬಿರಲಿಲ್ಲ. ಕಂಪ್ಲಿ ರಸ್ತೆಯಲ್ಲಿ ಎದುರಿಗೆ ಲಾರಿ ಬಂದಾಗ ಗಾಬರಿಯಿಂದ ಬ್ರೇಕು ಹಿಡಿದಿದ್ದಾನೆ, ಗಾಡಿ ಎಳೆದುಕೊಂಡು ಹೋಗಿ ಮೈಲಿಗಲ್ಲಿಗೆ ಬಡಿದಿದೆ. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಅವನ ಅಣ್ಣ ನಾಲ್ಕು ಜನರನ್ನು ಕಟ್ಟಿಕೊಂಡು ಸೀದಾ ಶೆಡ್ಡಿಗೇ ಬಂದ. ನಾನು ಎದುರಿನ ಚಹಾದಂಗಡಿಯಲ್ಲಿ ಗ್ಲಾಸು ಹಿಡಿದು ನಿಂತಿದ್ದೆ. "ನೀವು ನೋಡಿದ ಗಾಡಿ ಅಂತ ತಗಂಡಾನ್ರೀ ನನ್ ತಮ್ಮ! ನಿಮ್ ಹೆಸರಿನ ಮ್ಯಾಲೆ ತಗಂಡಾನ! ಚೀಲ ಹೊರೋನಿಗೆ ಕಾಲಿಲ್ಲಂದ್ರ ಏನು ತಿನಬೇಕ್ರಿ ಅವ?"

ಮೇಸ್ತ್ರಿ ಗಾಡಿಯ ನಂಬರು ಕೇಳಿದರು. ಅವನು ಹೇಳಿದ. ಮೇಸ್ತ್ರಿ ರಸ್ತೆಯಾಚೆ ನನ್ನತ್ತ ಒಮ್ಮೆ ನೋಡಿದರು. ಒಮ್ಮೆ ಮಾತ್ರ. ಆಮೇಲೆ ಅವರಿಗೆ ಕೈಮುಗಿದು, "ಹೌದ್ರಿ, ನಾನ ನೋಡಿದ್ದು. ತಪ್ಪಾತು" ಅಂದರು.

ಯಾರೋ ಅವರ ಕೊರಳಪಟ್ಟಿ ಹಿಡಿದ. ಅಂಗಿ ಹರಿಯಿತು. ನಾನು ರಸ್ತೆ ದಾಟಿ ಹೋಗಿ ಒಂದು ಮಾತು ಆಡಬೇಕಿತ್ತು. ಗ್ಲಾಸು ಇಟ್ಟು ಮನೆಗೆ ಹೋದೆ.

ಅಂದಿನಿಂದ ಮೇಸ್ತ್ರಿ ಹಳೇ ಗಾಡಿ ನೋಡುವುದನ್ನೇ ಬಿಟ್ಟರು. ಬಂದವರಿಗೆ "ನನ್ ಕಡೆ ಆಗಂಗಿಲ್ಲಪಾ, ಬ್ಯಾರೆ ಕಡೆ ತೋರ್ಸು" ಎನ್ನುವರು. ಬಂದವರು ಬೇರೆ ಕಡೆ ತೋರಿಸುತ್ತಿರಲಿಲ್ಲ, ಹಾಗೆಯೇ ಕೊಳ್ಳುತ್ತಿದ್ದರು. ನನ್ನೊಡನೆ ಮಾತ್ರ ಮೊದಲಿನ ಹಾಗೇ ಇದ್ದರು. "ಬಂದ್ಯಾ? ಕುಂದ್ರು." ಅದನ್ನು ತಾಳಲಾಗುತ್ತಿರಲಿಲ್ಲ. ಬೈದಿದ್ದರೆ ಕಾಲಿಗಾದರೂ ಬೀಳುತ್ತಿದ್ದೆ. "ಮೇಸ್ತ್ರಿ, ಆ ಕಂಪ್ಲಿ ಗಾಡಿ..." ಎಂದು ಎಷ್ಟೋ ಸಲ ಶುರು ಮಾಡಿದ್ದೇನೆ. ಅವರು ಸುತ್ತಿಗೆ ಎತ್ತಿಕೊಂಡು ಏನನ್ನಾದರೂ ಬಡಿಯತೊಡಗುತ್ತಿದ್ದರು.

ಈ ವರ್ಷ ಬೇಸಿಗೆಯಲ್ಲಿ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಮಣ್ಣಾದ ಮೂರನೆಯ ದಿನ ಎಲ್ಲ ಹೇಳಿಬಿಡಬೇಕೆಂದೇ ಅವರ ಮನೆಗೆ ಹೋದೆ. ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಅವರನ್ನು ನಾವೆಲ್ಲ ಅಕ್ಕಾ ಅನ್ನುತ್ತೇವೆ.

"ಅದೊಂದ ಗಾಡಿ ತಪ್ಪಿದ್ರು ನೋಡಪಾ, ಇಷ್ಟು ವರ್ಷದಾಗ. ಅದನ್ನ ಎದ್ಯಾಗ ಇಟಗಂಡ ಹೋದ್ರು. ಅದು ಯಾರ ಗಾಡಿನೋ, ಅಂಥಾದ್ದನ್ನ ಹೆಂಗ ಹೂಂ ಅಂದ್ರೋ, ಎಷ್ಟು ಕೇಳಿದ್ರೂ ಹೇಳ್ಲಿಲ್ಲ. ನೀನು ಅಲ್ಲೇ ಕುಂದರ್ತಿದ್ದಿ. ನಿನಗೇನಾರ ಗೊತ್ತೇನು?"

ಬಾಯಿ ತೆರೆದೆ.

"ಇಲ್ಲಕ್ಕಾ" ಅಂದೆ.

"ಕಣ್ಣು ಮಂಜಾಗಿದ್ವೇನೋ" ಅಂದರು ಅಕ್ಕ. "ವಯಸ್ಸಾಗಿತ್ತಲ್ಲ."

"ಇರ್ಬೇಕಕ್ಕಾ" ಅಂದೆ.