ಹಿಂದುಳಿದ ಹೆಬ್ಬಾತು

ಹಿಂದಿನ ಬರಹದಲ್ಲಿ, ನಾನು ಚಿಕ್ಕವಳಿದ್ದಾಗ ಒಂದು ವರ್ಷ ಶೀಳನೆರೆಯ ಕೆರೆಗೆ ಚಳಿಗಾಲ ಕಳೆಯಲು ಬಂದ ಹೆಬ್ಬಾತುಗಳೆಲ್ಲ ಶಿವರಾತ್ರಿಗೆ ಮೊದಲೇ ಹೊರಟುಹೋದವೆಂದು ಬರೆದಿದ್ದೆ. ತಪ್ಪಾಯಿತು, ಓದುಗರು ಮನ್ನಿಸಬೇಕು. ಇಂದು ಬೆಳಗ್ಗೆ ಏರಿಯ ಮೇಲೆ ನಿಂತಾಗ ಹಸಿ ಜೊಂಡಿನ ವಾಸನೆ ಬಂದು, ನಡೆದದ್ದೆಲ್ಲ ನೆನಪಾಯಿತು.

ಆ ವರ್ಷ ರೆಕ್ಕೆ ನೊಂದ ಹೆಬ್ಬಾತೊಂದು ಹಿಂಡಿನೊಡನೆ ಹಾರಲಾರದೆ ಜೊಂಡಿನಲ್ಲಿಯೇ ಉಳಿಯಿತು. ಅದು ಬೆದರಬಾರದೆಂದು ನಮ್ಮ ತಾತ ಎಮ್ಮೆಗಳನ್ನು ಕೆರೆಗಿಳಿಸದೆ, ದೂರದ ನಾಲೆಗೆ ಹೊಡೆದುಕೊಂಡು ಹೋಗಿ ಮೈ ತೊಳೆಯತೊಡಗಿದರು.

"ಏನ್ ಗೌಡ್ರೆ, ಬಾತ್ಗೆ ಬಾಣಂತನ ಮಾಡ್ತಿದ್ದೀರಾ?" ಎಂದು ನೆರೆಮನೆಯ ಕೆಂಪಣ್ಣ ಕೆಣಕಿದ.

"ಊಂ ಕಣ್ಲಾ. ತವ್ರಿಗೆ ಬಂದಿರೋ ಮಗ್ಳು, ಉಸಾರಾಗ್ದೆ ಕಳಿಸ್ಬುಡಕ್ಕಾಯ್ತದಾ?" ಎಂದರು ತಾತ.

"ಅದು ಮತ್ತೆ ರೆಕ್ಕೆ ಬಿಚ್ಚಿ ಆರ್ತದಾ ತಾತ?" ಎಂದು ನಾನು ದಿನವೂ ಅಳುಮೋರೆ ಹಾಕಿಕೊಂಡು ಕೇಳುತ್ತಿದ್ದೆ.

"ಆರ್ತದೆ, ಸುಮ್ಕಿರವ್ವ."

ಈಗ ದಿನಗಳನ್ನು ತಿದ್ದಿ ಬರೆಯುತ್ತೇನೆ. ಹಿಂಡು ಹೊರಟದ್ದು ಶಿವರಾತ್ರಿಯ ಮಾರನೆಯ ದಿನ. ಒಂಟಿ ಹೆಬ್ಬಾತು ಹಾರಿದ್ದು ಯುಗಾದಿಯ ಹಿಂದಿನ ದಿನ ಮುಂಜಾನೆ. "ದಾರೀಲಿ ಸುಸ್ತಾಗಿ ತಿರ್ಗಿ ಬಂದ್ರೆ?" ಎಂದು ಕಾದ ತಾತ, ಎಮ್ಮೆಗಳನ್ನು ಮತ್ತೆ ಕೆರೆಗಿಳಿಸಿದ್ದು ಯುಗಾದಿ ಕಳೆದು ವಾರವಾದ ಮೇಲೆ.