ಅಪ್ಪನಿಗೆ ಮದ್ದು ಹಾಕಿದವರು

ಹೋದ ವರ್ಷ ನಮ್ಮ ಕಾಕಾನ ಮೊದಲ ಪುಣ್ಯತಿಥಿಗೆ ಅವನ ಊರಾದ ಸುಳ್ಳಕ್ಕೆ ಹೋಗಿ ಬಂದಮೇಲಿನ ಮಾತಿದು. ಕಾಕಾ ಅಂದರೆ ಅಪ್ಪನ ಒಬ್ಬನೇ ತಮ್ಮ. ಮೈಯೆಲ್ಲ ಕೆಂಪಾಗಿ, ಗುಳ್ಳೆ ಎದ್ದು, ಚರ್ಮ ಸುಲಿದು ಸತ್ತಿದ್ದ. ಹೆಂಡತಿಯೇ ಊಟದಲ್ಲಿ ಮದ್ದು ಹಾಕಿ ಮುಗಿಸಿದಳು ಅಂತ ಆಗಲೇ ನಮ್ಮ ಮನೆಯಲ್ಲಿ ಪಿಸುಪಿಸು ಶುರುವಾಗಿತ್ತು. ಹೊಲವೆಲ್ಲ ಆಕೆಯ ಕೈಗೆ ಬಂತಲ್ಲ, ಮಾತು ಬೆಳೆಯಲು ಇನ್ನೇನು ಬೇಕು?

ತಿಥಿಯ ದಿನ ಅವ್ವ ಎಲೆಯ ಮುಂದೆ ಕೂತಳೇ ಹೊರತು ತುತ್ತು ಎತ್ತಲಿಲ್ಲ. "ನನಗ ಇವತ್ತ ಒಪ್ಪತ್ತು ಐತಿ" ಅಂದು ಬಾಳೆಹಣ್ಣು ಸುಲಿದು ತಿಂದಳು. ಅಪ್ಪ ಮಾತ್ರ ಹೋಳಿಗೆ ಕೇಳಿ ಕೇಳಿ ಹಾಕಿಸಿಕೊಂಡು ಉಂಡ.

ವಾರದೊಳಗೆ ಅಪ್ಪನಿಗೆ ಜ್ವರ. ತುಟಿ ಒಡೆದು ಹುಣ್ಣಾಯಿತು, ಕಣ್ಣು ಕೆಂಪಾದವು, ಎದೆ, ಬೆನ್ನಿನ ಮೇಲೆ ಗುಳ್ಳೆ ಎದ್ದವು. ಥೇಟ್ ಕಾಕಾನ ಹಾಗೇ! ಅವ್ವ ಎದೆ ಬಡಿದುಕೊಂಡಳು. "ನಾ ಹೇಳಿದ್ನೋ ಇಲ್ಲೋ? ತಮ್ಮನ್ನ ನುಂಗಿದ್ಲು, ಈಗ ಅಣ್ಣಗೂ ಹಾಕ್ಯಾಳ!" ನನಗೂ ಹಾಗೇ ಅನ್ನಿಸಿತು. ಅಣ್ಣತಮ್ಮ ಉಂಡದ್ದು ಒಂದೇ ಒಲೆಯ ಅಡುಗೆ, ಇಬ್ಬರ ಮೈಮೇಲೂ ಒಂದೇ ನಮೂನೆ ಗುಳ್ಳೆ. ಸಂಶಯ ಬರದೆ ಇರುತ್ತದೆಯೇ?

ನವಲಗುಂದದ ಕಡೆ ಹೊಟ್ಟೆಗೆ ಹೋದ ಮದ್ದನ್ನು ವಾಂತಿ ಮಾಡಿಸಿ ತೆಗೆಯುವವನೊಬ್ಬ ಇದ್ದಾನೆಂದು ಅವ್ವ ಗಾಡಿ ತರಿಸಿದಳು. ಅಪ್ಪನನ್ನು ಅದರಲ್ಲಿ ಕೂರಿಸುತ್ತಿದ್ದೆವು. ಅಷ್ಟರಲ್ಲಿ, ಯಾರ ಬಾಯಿಂದಲೋ ಅಪ್ಪನ ಸುದ್ದಿ ಕೇಳಿ, ಅಮರಗೋಳದ ನಮ್ಮ ಬಾಗಿಲಲ್ಲಿ ಆಟೋದಿಂದ ಇಳಿದಳು ನೋಡಿ, ಚಿಗವ್ವ! ಕಾಕಾನ ಹೆಂಡತಿ!

"ಮಾಡಿದ್ದು ಸಾಲಲಿಲ್ಲೇನು? ನೋಡಾಕ ಬಂದಿ?" ಅಂತ ಅವ್ವ ಅಡ್ಡ ನಿಂತಳು.

ಚಿಗವ್ವ ಜಗಳಕ್ಕೆ ನಿಲ್ಲಲಿಲ್ಲ. ಅಪ್ಪನ ಮುಖ ನೋಡಿದ್ದೇ ತಡ, ನನ್ನ ಕಡೆ ತಿರುಗಿದಳು. "ಭಾವಾರು ಯಾವುದರೆ ಗುಳಿಗಿ ತಗೊಳ್ಳಾಕತ್ತಾರೇನು? ಲಗೂ ತೋರಸವಾ."

"ಕೊಡಬ್ಯಾಡ! ಅದಕ್ಕೂ ಏನರೆ ಸವರ್ಯಾಳು!" ಅಂದಳು ಅವ್ವ.

ಕಾಲಿನ ಹೆಬ್ಬೆರಳು ಬಾತಿದೆ, ಯೂರಿಕ್ ಆಸಿಡ್ ಜಾಸ್ತಿ ಅಂತ ಡಾಕ್ಟರು ಕೊಟ್ಟ ಗುಳಿಗೆಯನ್ನು ಅಪ್ಪ ಕೆಲವು ವಾರಗಳಿಂದ ನುಂಗುತ್ತಿದ್ದ. ಅದನ್ನು ತಂದೆ, ಆದರೆ ಆಕೆಯ ಕೈಗೆ ಕೊಡಲಿಲ್ಲ. ನನ್ನ ಕೈಯಲ್ಲೇ ಗಟ್ಟಿಯಾಗಿ ಹಿಡಿದು ಹೆಸರು ಓದಿದೆ. ಚಿಗವ್ವ ಹಣೆ ಹಣೆ ಬಡಿದುಕೊಂಡಳು.

"ಇದ, ಇದ ಗುಳಿಗಿ! ನಿಮ್ಮ ಕಾಕಾನೂ ಇದನ್ನ ತಗೊಂಡ ಹ್ವಾದ್ರು. ಇವರ ಮೈಗೆ ಒಗ್ಗಿಲ್ಲ, ಒಡಹುಟ್ಟಿದವರಿಗೆ ಹೇಳ್ರಿ ಅಂತ ಡಾಕ್ಟರ್ ಹೇಳಿದ್ರು. ಯಾರಿಗೆ ಹೇಳ್ಲಿ? ಮಣ್ಣಿಗೆ ಬಂದಾಗ ನನ್ನ ಮಾರಿ ನೋಡಲಿಲ್ಲ. ಫೋನ್ ಹಚ್ಚಿದ್ರ ಎತ್ತಲಿಲ್ಲ. ತಿಥಿ ದಿವಸ ಕೈ ತೊಳಕೊಂಡವರ ಎದ್ದು ಹ್ವಾದ್ರಿ!"

ತನ್ನ ಮೇಲಿನ ಅಪವಾದವನ್ನು ಗುಳಿಗೆಯ ತಲೆಗೆ ಕಟ್ಟುತ್ತಿದ್ದಾಳೆಯೇ? ಆಗಲೂ ನನ್ನ ಮನಸ್ಸು ಹಾಗೇ ಓಡಿತು. ಆದರೆ ಆಕೆ ಕೈ ಮುಗಿದು ನಿಂತಳು. "ಮದ್ದು ನಾಳೆ ತಗಸ್ರಿ, ನಾ ಬ್ಯಾಡನ್ನೂದಿಲ್ಲ. ಇವತ್ತ ದವಾಖಾನಿಗೆ ಒಯ್ಯರಿ." ಅಪ್ಪನೇ ಕೈಸನ್ನೆ ಮಾಡಿ ಗಾಡಿ ತಿರುಗಿಸಲು ಹೇಳಿದ.

ದವಾಖಾನೆಯಲ್ಲಿ ಡಾಕ್ಟರು ಮೊದಲು ಆ ಗುಳಿಗೆ ನಿಲ್ಲಿಸಿದರು. "ಎಲ್ಲಾರಿಗೂ ಹಿಂಗ ಆಗೂದಿಲ್ರಿ. ಕೆಲವರಿಗೆ ಹುಟ್ಟಿನಿಂದನ ಇದು ಆಗಿಬರೂದಿಲ್ಲ. ಆ ಗುಣ ರಕ್ತಸಂಬಂಧದಾಗ ಬರತೈತಿ. ಇನ್ನ ತಗೊಂಡಿದ್ರ ಜೀವಕ್ಕ ಕುತ್ತು ಇತ್ತು," ಅಂದರು. ದಿನಾ ಬೆಳಿಗ್ಗೆ ಉಪ್ಪಿಟ್ಟು ತಿನ್ನಿಸಿ, ಜ್ವರ ಬಂದಮೇಲೂ ತಪ್ಪಿಸದೆ, ಆ ಗುಳಿಗೆ ನುಂಗಿಸಿದವಳು ಅವ್ವನೇ.

ಅಪ್ಪ ಉಳಿದ. ಮಕ್ಕಳಾದ ನಾವೂ ಈಗ ಯಾವ ಡಾಕ್ಟರ ಬಳಿ ಹೋದರೂ ಆ ಗುಳಿಗೆಯ ಹೆಸರನ್ನು ಮೊದಲೇ ಹೇಳಿಬಿಡುತ್ತೇವೆ.

ಅಪ್ಪ ಮನೆಗೆ ಬಂದ ದಿನ ಚಿಗವ್ವ ಗಂಜಿ ಮಾಡಿಕೊಂಡು ಬಂದಳು. ಡಬ್ಬಿ ತೆರೆದವಳು ಅವ್ವನ ಕಡೆ ಒಮ್ಮೆ ನೋಡಿ, ಮೊದಲ ಚಮಚ ತನ್ನ ಬಾಯಿಗೇ ಹಾಕಿಕೊಂಡು ನುಂಗಿದಳು.

"ನೋಡ್ರಿ ಅಕ್ಕಾರ, ಏನಿಲ್ಲ," ಅಂದಳು.

ಅಪ್ಪನಿಗೆ ದುಃಖ ತಡೆಯಲಾಗಲಿಲ್ಲ. "ಸಾಕ ಮಾಡವಾ, ನನಗ ಹಾಕು" ಅಂದು, ಹುಣ್ಣು ಪೂರ್ತಿ ಮಾಯದ ಬಾಯಿ ತೆರೆದ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಜೀವ ಉಳಿಸಿದ ಹೆಂಗಸು ನಮ್ಮ ಮನೆಯಲ್ಲಿ ತಾನೇ ಮೊದಲು ತಿಂದು ತೋರಿಸಬೇಕಾಯಿತಲ್ಲ!